ಅಲೆಯಿಲ್ಲದ ಕಡೆ ನೆಟ್ಟ ನಾಲ್ಕು ಕಂಬಗಳು

ಮಂಗಳೂರು, ೧೯೩೬ನೇ ಇಸವಿ ಮೇ ೪, ಸೋಮವಾರ

ಸಮುದ್ರಸ್ನಾನ ಸ್ಥಳಗಳ ವಿಶೇಷಾಧಿಕಾರಿಗಳ ಸನ್ನಿಧಾನಕ್ಕೆ

ಮಾನ್ಯರೇ,

ಹೊಳೆಯಾಚೆ ಬೆಂಗ್ರೆಯ ಕಡಲ ದಡದಲ್ಲಿ ತಾವು ನಾಲ್ಕು ಕಂಬ ನೆಟ್ಟು, ‘ಅಪಾಯವಿಲ್ಲದ ಸ್ನಾನಸ್ಥಳ’ ಎಂದು ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರಗಳಲ್ಲಿ ಬರೆಸಿರುವ ಜಾಗವು, ಆ ಸುತ್ತಿನಲ್ಲಿ ಮನುಷ್ಯನಾದವನು ನೀರಿಗಿಳಿಯಲೇಬಾರದ ಜಾಗ. ಅಷ್ಟುದ್ದದ ಮರಳಿನಲ್ಲಿ ಅದೊಂದನ್ನೇ ಹುಡುಕಿ ತೆಗೆದ ತಮ್ಮ ಪರಿಶ್ರಮ ಸಾಮಾನ್ಯದ್ದಲ್ಲ. ಬರುವ ಶನಿವಾರ ಸಂಜೆ ನಾಲ್ಕು ಗಂಟೆಗೆ ಅದರ ಪ್ರಾರಂಭೋತ್ಸವ. ಚಪ್ಪರ, ಬ್ಯಾಂಡು, ಮೂರು ಭಾಷಣ, ಬಳಿಕ ರಜೆಯಲ್ಲಿ ಊರಲ್ಲೇ ಉಳಿದಿರುವ ನಲವತ್ತು ಮಂದಿ ಶಾಲೆಯ ಹೆಣ್ಣುಮಕ್ಕಳು ಕೈಕೈ ಹಿಡಿದುಕೊಂಡು ಆ ಕಂಬಗಳ ನಡುವೆ ನೀರಿಗಿಳಿಯುವುದು, ಹೀಗೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಆ ನಲವತ್ತರಲ್ಲಿ ಒಬ್ಬಳು ನನ್ನ ಮೊಮ್ಮಗಳು ಕುಶಲಾ. ಅವಳಿಗೆ ಹನ್ನೊಂದು ವರ್ಷ. ಶನಿವಾರಕ್ಕೆ ಮೊದಲು ಆ ಕಂಬಗಳು ಅಲ್ಲಿಂದ ಏಳಬೇಕು.

ಹೇಳಬೇಕಾದದ್ದು ಇಷ್ಟೇ. ಇಲ್ಲಿಗೇ ನಿಲ್ಲಿಸಿದ್ದರೆ ಇದು ಒಳ್ಳೆಯ ಅರ್ಜಿಯೆನಿಸಿಕೊಳ್ಳುತ್ತಿತ್ತು. ಆದರೆ ಇಷ್ಟೇ ಬರೆದ ನನ್ನ ಎರಡು ಅರ್ಜಿಗಳು ತಮ್ಮ ಕಚೇರಿಯ ಕಪಾಟಿನಲ್ಲಿ ಸುಖನಿದ್ರೆಯಲ್ಲಿರುವುದರಿಂದ ಮೂರನೆಯದನ್ನು ಪತ್ರಿಕೆಯ ಮೂಲಕ, ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗಿದೆ. ನಾನು ಹೆಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ನನ್ನ ಮಾತು ಅಲ್ಲಿ ಇಲ್ಲಿ ಸುತ್ತಿ ಬರುವ ಸ್ವಭಾವದ್ದು. ‘ಪಾಯಿಂಟಿಗೆ ಬನ್ನಿ’ ಎಂದು ಎಚ್ಚರಿಸುತ್ತಿದ್ದ ಮನೆಯವಳು ತೀರಿಕೊಂಡು ಮೂರು ವರ್ಷವಾಯಿತು. ಇಂಗ್ಲಿಷಿನಲ್ಲಿ ಆಕೆಗೆ ಬರುತ್ತಿದ್ದುದು ‘ಪಾಯಿಂಟ್’ ಎಂಬ ಆ ಒಂದೇ ಶಬ್ದ. ಅದನ್ನು ಆಕೆ ಎಲ್ಲಿ ಉಪಯೋಗಿಸಬೇಕೋ ಅಲ್ಲಿಯೇ ಉಪಯೋಗಿಸುತ್ತಿದ್ದಳು.

ತಮ್ಮ ಉದ್ದೇಶವನ್ನು ನಾನು ಹಳಿಯುವುದಿಲ್ಲ. ಹಳಿಯುವುದೆಂತು? ಈ ಊರನ್ನು ನೋಡಿರಿ. ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೊಂದು ಹೊಳೆ, ದಕ್ಷಿಣಕ್ಕೊಂದು ಹೊಳೆ, ಆದರೂ ಮೇ ತಿಂಗಳಲ್ಲಿ ಪೇಟೆಯವನು ಮೈ ತಣಿಸಿಕೊಳ್ಳುವುದು ಬಾವಿಕಟ್ಟೆಯ ಎರಡು ಕೊಡ ನೀರಿನಲ್ಲಿ. ಕಡಲನ್ನು ಕಾಣಬೇಕಾದರೆ ದೋಣಿ ಹತ್ತಿ ಹೊಳೆ ದಾಟಿ ಮರಳದಿಣ್ಣೆ ಏರಬೇಕು. ಮಂಗಳೂರು ಪೇಟೆ ಕಡಲಿಗೆ ಬೆನ್ನು ತಿರುಗಿಸಿ, ಹೊಳೆಬದಿಯ ಬಂದರಿನ ಕಡೆ ಮುಖ ಮಾಡಿ ಕುಳಿತ ಊರು. ಸ್ವಲ್ಪ ಉಳ್ಳವರು ಸುರತ್ಕಲ್ಲಿನ ಬಂಡೆಗಳ ಹತ್ತಿರಕ್ಕೆ ಗಾಡಿ ಕಟ್ಟಿಸಿಕೊಂಡು ಹೋಗಿ, ಪಾದ ಮಾತ್ರ ಒದ್ದೆ ಮಾಡಿಕೊಂಡು, ಬುತ್ತಿಯುಂಡು ಬರುತ್ತಾರೆ. ಉಳಿದವರು ತೊಕ್ಕೊಟ್ಟಿನ ಕಡೆ ನೇತ್ರಾವತಿಯ ಮರಳಿನಲ್ಲಿ ಎಮ್ಮೆಗಳ ನೆರೆಯಲ್ಲಿ ಮುಳುಗೇಳುತ್ತಾರೆ. ಇಂಥ ಊರಿಗೆ ಒಬ್ಬ ಅಧಿಕಾರಿ ಬಂದು, ‘ಜನರು ಬೇಸಗೆಯಲ್ಲಿ ಸಮುದ್ರದಲ್ಲಿ ಮೀಯಲಿ, ಹೆಣ್ಣುಮಕ್ಕಳೂ ಮೀಯಲಿ’ ಎಂದರೆ ನಾನು ಎರಡೂ ಕೈಯೆತ್ತಿ ಹೌದೆನ್ನುವವನು. ತಾವು ಹೊರಡಿಸಿದ ಒಂಬತ್ತು ನಿಯಮಗಳನ್ನೂ ಓದಿದ್ದೇನೆ. ಆರನೆಯದರಲ್ಲಿ ‘ಸಭ್ಯವಾದ ಸ್ನಾನದ ಉಡುಪು’ ಎಂದಿದೆ. ಅದು ಎಂಥದೆಂದು ಪೇಟೆಯ ದರ್ಜಿಗಳಿಗೂ ತಿಳಿದಿಲ್ಲ, ಕೇಳಿ ನೋಡಿದ್ದೇನೆ. ಎಂಟನೆಯದರಲ್ಲಿ ‘ಸ್ನಾನ ಮಾಡುವವರು ಕೂಗಾಡಕೂಡದು’ ಎಂದಿದೆ. ಮುಳುಗುತ್ತಿರುವವರಿಗೂ ಇದು ಅನ್ವಯಿಸುವುದೋ, ಅವರು ಮುಂಚಿತವಾಗಿ ಅನುಮತಿ ಪಡೆಯಬೇಕೋ, ಅದೊಂದು ವಿವರಣೆ ಬೇಕಾಗಿತ್ತು.

ಇರಲಿ, ಪಾಯಿಂಟಿಗೆ ಬರುತ್ತೇನೆ.

ತಾವು ಬಳ್ಳಾರಿಯ ಕಡೆಯವರೆಂದು ಕೇಳಿದೆ. ಒಳ್ಳೆಯ ಸೀಮೆ. ಅಲ್ಲಿಯ ಜನ ನೀರಿನ ಬೆಲೆ ಬಲ್ಲವರು. ಅಲ್ಲಿ ತಾವು ಚಿಕ್ಕಂದಿನಲ್ಲಿ ಕೆರೆಯಲ್ಲಿ ಮಿಂದಿರಬೇಕು. ಕೆರೆಯ ನ್ಯಾಯ ನೇರವಾದದ್ದು: ಎಲ್ಲಿ ನೀರು ಅಲುಗುವುದಿಲ್ಲವೋ ಅಲ್ಲಿ ಭಯವಿಲ್ಲ. ಆ ನ್ಯಾಯವನ್ನೇ ತಾವು ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದಿರಿ. ಬೆಂಗ್ರೆಯ ದಿಣ್ಣೆಯ ಮೇಲೆ ನಿಂತು ನೋಡಿದಿರಿ. ಬಲಕ್ಕೆ ಬಿಳಿ ನೊರೆಯ ಅಲೆ, ಎಡಕ್ಕೆ ಬಿಳಿ ನೊರೆಯ ಅಲೆ, ನಡುವೆ ಐವತ್ತು ಗಜ ಅಗಲಕ್ಕೆ ನೊರೆಯಿಲ್ಲದ, ಸದ್ದಿಲ್ಲದ, ಸ್ವಲ್ಪ ಕಪ್ಪಗಿನ ನೀರು. ‘ಇದೋ ಸಿಕ್ಕಿತು’ ಎಂದು ಕೋಲು ತೋರಿಸಿದಿರಿ. ಕಂಬ ನೆಡಿಸಿದಿರಿ. ತಮ್ಮ ಜಾಗದಲ್ಲಿ ನಿಂತ ಯಾವ ವಿದ್ಯಾವಂತನೂ ಹಾಗೆಯೇ ಮಾಡುತ್ತಿದ್ದನು. ವಿದ್ಯೆಯಿಲ್ಲದ ಒಬ್ಬರನ್ನು ಕೇಳಿದ್ದರೆ ಸಾಕಾಗಿತ್ತು.

ಕಳೆದ ಮಂಗಳವಾರ ನಾನು ಬೆಂಗ್ರೆಗೆ ಹೋಗಿದ್ದೆ. ನನ್ನ ಹೆಂಡತಿಯ ತಂಗಿ ದೇಯಿ ಅಲ್ಲಿಯೇ ಇರುವುದು. ಮೀನು ಹೊತ್ತು ಪೇಟೆಗೆ ಬರುವ ಹೆಂಗಸು; ಗಂಡ, ಮಾವ, ಮಾವನ ಅಪ್ಪ ಎಲ್ಲರೂ ಬಲೆ ಎಳೆದವರು. ತಮ್ಮ ಕಂಬಗಳ ಬುಡದಲ್ಲಿ ಬಡಗಿ ಹ್ಯೂಬರ್ಟ್ ಕುಳಿತು ಹಲಗೆಗೆ ಎರಡನೆಯ ಸಲ ಬಣ್ಣ ಹಚ್ಚುತ್ತಿದ್ದನು. ದೇಯಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು. ಅವರಾಡಿದ್ದು ತುಳುವಿನಲ್ಲಿ, ತಮಗೆ ಅನುಕೂಲವಾಗಲೆಂದು ಕನ್ನಡದಲ್ಲಿ ಬರೆಯುತ್ತೇನೆ.

“ಇದೆಂತ ಬಾವ, ಕಂಬ? ದನ ಕಟ್ಲಿಕ್ಕಾ?” ಎಂದಳು ನನ್ನೊಡನೆ.

“ಮಕ್ಕಳು ಮೀಯುವ ಜಾಗವಂತೆ. ಶನಿವಾರ ಉದ್ಘಾಟನೆ ಉಂಟು” ಎಂದೆ.

ಅವಳು ನಗಲಿಲ್ಲ. ದೇಯಿ ನಗದಿದ್ದರೆ ನನಗೆ ಹೆದರಿಕೆಯಾಗುತ್ತದೆ. “ಯಾರು ತೋರಿಸಿದ್ದು ಈ ಜಾಗ?” ಎಂದು ಹ್ಯೂಬರ್ಟನನ್ನು ಕೇಳಿದಳು.

“ದೊಡ್ಡವರು. ನಾನು ಹೇಳಿದೆ ದೇಯಿಯಕ್ಕ, ದೇವರಾಣೆ ಹೇಳಿದೆ. ‘ಸಾರ್, ಇಲ್ಲಿ ನಮ್ಮವರು ನಾಯಿಯನ್ನು ಸಹ ಬಿಡುವುದಿಲ್ಲ’ ಅಂತ. ‘ನಿನ್ನ ಕೆಲಸ ಕಂಬ ನೆಡುವುದು’ ಅಂದ್ರು. ನೆಟ್ಟೆ. ಬುಡಕ್ಕೆ ಸಿಮೆಂಟ್ ಬೇರೆ ಹಾಕ್ಸಿದ್ದಾರೆ. ನಾನು ಎಂತ ಮಾಡ್ಲಿ ಮಾರಾಯ್ತಿ?”

“ಬಾವ, ಇಲ್ಲಿ ನೋಡಿ” ಎಂದು ದೇಯಿ ನನ್ನ ತೋಳು ಹಿಡಿದಳು. “ಆಚೆ ಈಚೆ ಅಲೆ ಬಂದು ಬೀಳ್ತದಲ್ಲ, ಆ ನೀರೆಲ್ಲ ವಾಪಸು ಹೋಗ್ಬೇಡ್ವಾ? ಮದುವೆಮನೆಗೆ ಚಪ್ಪರದ ಬಾಗಿಲಿಂದ ಬಂದ ಜನ ಉಂಡು ಕೈತೊಳೆದು ಹಿತ್ತಿಲ ಬಾಗಿಲಿಂದ ಹೋಗ್ತಾರಲ್ಲ, ಹಾಗೆ. ಇದು ಕಡಲಿನ ಹಿತ್ತಿಲ ಬಾಗಿಲು. ಸದ್ದಿಲ್ಲ ಅಂತ ಸಾಹೇಬರು ಅಲ್ಲಿಗೇ ಮಕ್ಕಳನ್ನು ನಿಲ್ಲಿಸ್ಲಿಕ್ಕೆ ಹೊರಟದ್ದು.”

ಇಷ್ಟು ಹೇಳಿ ತನ್ನ ಬುಟ್ಟಿಯನ್ನು ತಮ್ಮ ಎರಡು ಕಂಬಗಳ ನಡುವೆ ನೀರಿಗೆ ಎಸೆದಳು. ನಾನು ಗಡಿಯಾರ ತೆಗೆದೆ. ಮೊದಲು ಅದು ಸುಮ್ಮನೆ ತೇಲುತ್ತಿತ್ತು. ಬಳಿಕ ಯಾರೋ ದಾರ ಕಟ್ಟಿ ಎಳೆದ ಹಾಗೆ, ಅವಸರವಿಲ್ಲದೆ, ನೆಟ್ಟಗೆ ಹೊರಗೆ ಹೊರಟಿತು. ಎರಡು ನಿಮಿಷಕ್ಕೆ ಅಲೆ ಮುರಿಯುವ ಸಾಲನ್ನು ದಾಟಿ ಹೋಯಿತು. ಮೂರನೆಯ ನಿಮಿಷಕ್ಕೆ ನನ್ನ ಕಣ್ಣಿಗೆ ಕಾಣಲಿಲ್ಲ. ಆಮೇಲೆ ಹ್ಯೂಬರ್ಟನ ಬಣ್ಣದ ಖಾಲಿ ಡಬ್ಬಿಯನ್ನು ಕಿತ್ತುಕೊಂಡು ದಕ್ಷಿಣಕ್ಕೆ ನೂರು ಹೆಜ್ಜೆ ನಡೆದು, ಅಲೆ ಭೋರೆಂದು ಒಡೆಯುವಲ್ಲಿ ಬೀಸಿದಳು. ಅದು ಮೂರು ಅಲೆಗೆ ಉರುಳಾಡಿಕೊಂಡು ಬಂದು ಅವಳ ಕಾಲಿನ ಹತ್ತಿರ ಕುಳಿತಿತು. ಯೂಕ್ಲಿಡ್ಡಿನ ಪುಸ್ತಕದಲ್ಲಿ ಪ್ರತಿಯೊಂದು ಪ್ರಮೇಯದ ಕೊನೆಗೆ ಕ್ಯು.ಇ.ಡಿ. ಎಂಬ ಮೂರಕ್ಷರ ಇರುತ್ತಿತ್ತಲ್ಲ? ಅದರ ಅರ್ಥ ಮರೆತಿದ್ದೇನೆ. ಆದರೆ ಅದನ್ನು ಬರೆಯಬೇಕಾದ ಸ್ಥಳ ಇದು.

ಮರಳುವಾಗ ದೋಣಿಯ ಅಬೂಬಕ್ಕರ್ ಕೇಳಿದನು: “ಪೂವಪ್ಪಣ್ಣ, ಶನಿವಾರ ಆಚೆಗೆ ನಲವತ್ತು ಮಕ್ಕಳಂತೆ, ನಾಲ್ಕು ದೋಣಿ ಬೇಕೂಂತ ಹೇಳಿ ಕಳಿಸಿದ್ದಾರೆ. ಈಚೆಗೆ ಬರ್ಲಿಕ್ಕೆ ಎಷ್ಟು ದೋಣಿ ಅಂತ ಹೇಳ್ಲಿಲ್ಲ. ನೀವು ಓದಿದವರು, ಕೇಳಿ ಹೇಳಿ.” ಇದು ತಮಾಷೆಯೆಂದು ಮೊದಲು ನಕ್ಕೆ. ಅವನು ನಗದೆ ಹುಟ್ಟು ಹಾಕುತ್ತಿದ್ದನು.

ಮರುದಿನ ತಮ್ಮ ಕಚೇರಿಗೆ ಬಂದೆ. ತಾವು ಮರೆತಿರಬಹುದು, ಕರಿ ಕೋಟು, ಕೈಯಲ್ಲಿ ಕೊಡೆ, ಕೊಡೆಯಲ್ಲಿ ಒಂದು ಕಡ್ಡಿ ಮುರಿದಿತ್ತು. ಇಂಗ್ಲಿಷಿನಲ್ಲಿ ಮಾತನಾಡಿದರೆ ಗೌರವವೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. “ಸರ್, ಐ ಹ್ಯಾವ್ ದಿ ಆನರ್ ಟು…” ಎಂಬಲ್ಲಿಯವರೆಗೆ ಸರಿಯಾಗಿ ಹೋಯಿತು. ಮುಂದಿನದು ಹೊಸ್ತಿಲಲ್ಲೇ ಮರೆತುಹೋದ್ದರಿಂದ ಬುಟ್ಟಿಯ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ತಾವು ಕನ್ನಡಕ ತೆಗೆದು ಒರಸಿ, ಬಹಳ ಸೌಮ್ಯವಾಗಿ, “ನೋಡಿ ಯಜಮಾನರೇ, ಅಲೆ ಇಲ್ಲದ ಕಡೆ ಅಪಾಯ ಇಲ್ಲ, ಇದು ಸಾಮಾನ್ಯ ಜ್ಞಾನ. ಬುಟ್ಟಿಗೇನು ಈಜು ಬರುತ್ತದೆಯೇ? ಅದು ಹೋಗೇ ಹೋಗುತ್ತದೆ” ಎಂದಿರಿ.

ನಾನು ಕೊಡೆ ಎತ್ತಿಕೊಂಡು ಹೊರಟೆ. ಬಂದರಿನ ಓಣಿಗೆ ಬಂದ ಮೇಲೆ ಉತ್ತರ ಹೊಳೆಯಿತು. ಈಗ ಬರೆಯುತ್ತೇನೆ: ಬುಟ್ಟಿಗೆ ಈಜು ಬರುವುದಿಲ್ಲ, ನಿಜ. ಆ ನಲವತ್ತು ಮಕ್ಕಳಲ್ಲಿ ಎಷ್ಟು ಮಂದಿಗೆ ಬರುತ್ತದೆಂದು ತಾವು ವಿಚಾರಿಸಿದ್ದೀರಾ? ನಾನು ವಿಚಾರಿಸಿದೆ. ಮೂವರಿಗೆ. ಆ ಮೂವರೂ ಬಾವಿಯಲ್ಲಿ, ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಸಿಕೊಂಡು ಕಲಿತವರು. ತಿಂಡಿತಿನಿಸು ತರಕೂಡದೆಂಬ ತಮ್ಮ ನಾಲ್ಕನೆಯ ನಿಯಮದ ಪ್ರಕಾರ ತೆಂಗಿನಕಾಯಿಗೂ ಅಲ್ಲಿ ಪ್ರವೇಶವಿಲ್ಲ.

ತಾವು ‘ಸಾಮಾನ್ಯ ಜ್ಞಾನ’ ಎಂದಿರಲ್ಲ, ಅದಕ್ಕಾಗಿ ನಾನು ನನ್ನದೇ ಒಂದು ಕಥೆ ಹೇಳಬೇಕು. ಇದುವರೆಗೆ ಯಾರಿಗೂ ಹೇಳಿದ್ದಲ್ಲ. ನನ್ನ ಅಜ್ಜ ಬಲೆ ಬೀಸಿದವರು, ಅಪ್ಪ ಮೀನು ಮಾರಿದವರು, ನಾನು ಅರ್ಜಿ ಬರೆದವನು. ಮಗ ನೀರಿನ ಹತ್ತಿರ ಸುಳಿಯಬಾರದು, ಓದಬೇಕು ಎಂದು ಅಪ್ಪನ ಹಟ. ಹಾಗಾಗಿ ನಾನು ಕಾಲೇಜು ಸೇರಿ ಎಫ್.ಎ. ಪರೀಕ್ಷೆಯ ತನಕ ಹೋದೆ; ಎರಡು ಬಾರಿ ಹೋದೆ. ಮೂವತ್ತೈದು ವರ್ಷಗಳ ಹಿಂದೆ ಬೆಂಗ್ರೆಯ ವಾರಿಜಾಕ್ಷಿಯನ್ನು ಮದುವೆಯಾಗಿ, ಹೊಸ ಅಳಿಯನಾಗಿ ಮಾವನ ಮನೆಗೆ ಔತಣಕ್ಕೆ ಹೋದೆ. ಅಡುಗೆಯಾಗುವ ವರೆಗೆ ಕಡಲು ನೋಡಿ ಬನ್ನಿರೆಂದು ನಮ್ಮಿಬ್ಬರನ್ನು ಕಳುಹಿಸಿದರು. ಏಪ್ರಿಲ್ ತಿಂಗಳ ಬಿಸಿಲು, ಮೈಯೆಲ್ಲ ಬೆವರು, ಎದುರಿಗೆ ನೀರು. ಮೀನುಗಾರರ ಹುಡುಗಿಯ ಮುಂದೆ ಕಾಲೇಜಿನ ವಿದ್ಯೆ ತೋರಿಸುವ ಉಮೇದು ಬೇರೆ. ನೋಡಿದೆ. ಬಲಕ್ಕೆ ಅಲೆ, ಎಡಕ್ಕೆ ಅಲೆ, ನಡುವೆ ತಣ್ಣಗಿನ ಕಪ್ಪು ನೀರು. “ವೇರ್ ದೇರ್ ಈಸ್ ನೋ ವೇವ್, ದೇರ್ ಈಸ್ ನೋ ಫೋರ್ಸ್” ಎಂದು ಘೋಷಿಸಿ ಪಂಚೆ ಮೇಲೆ ಕಟ್ಟಿದೆ. ಇದು ಯಾವ ಪುಸ್ತಕದಲ್ಲಿತ್ತೋ, ಪುಸ್ತಕದಲ್ಲಿ ಇತ್ತೋ ಇಲ್ಲವೋ, ಈಗ ಹೇಳಲಾರೆ.

“ನೀವು ಎಂತ ಹೇಳಿದ್ದೂಂತ ನಂಗೆ ಗೊತ್ತಾಗ್ಲಿಲ್ಲ. ಅಲ್ಲಿ ಮಾತ್ರ ಇಳೀಬೇಡಿ” ಎಂದಳು ಆಕೆ. ಮದುವೆಯಾಗಿ ಹತ್ತು ದಿನ. ಅದಕ್ಕಿಂತ ಗಟ್ಟಿಯಾಗಿ ಹೇಳಲು ನಾಚಿಕೆ.

ಇಳಿದೆ. ಮೊಣಕಾಲಿನ ವರೆಗೆ ಸುಖ. ಸೊಂಟದ ವರೆಗೆ ಇನ್ನೂ ಸುಖ. ಅನಂತರ ಪಾದದಡಿಯ ಮರಳು, ಯಾರೋ ಚಾಪೆ ಎಳೆದ ಹಾಗೆ, ಜಾರಿ ಹೋಯಿತು. ದಡಕ್ಕೆ ನೆಟ್ಟಗೆ ಕೈಕಾಲು ಬಡಿದೆ. ಬಡಿದಷ್ಟೂ ದಡ ಹಿಂದೆ ಹಿಂದೆ ಸರಿಯುತ್ತಿತ್ತು. ಆಕೆ ಮರಳಿನ ಮೇಲೆ ಓಡುತ್ತ, “ಇತ್ತ ಬರಬೇಡಿ! ಇತ್ತ ಬರಬೇಡಿ! ಬದಿಗೆ ಹೋಗಿ, ಬದಿಗೆ!” ಎಂದು ಕೂಗುತ್ತಿದ್ದಳು. ಹತ್ತೇ ದಿನಕ್ಕೆ ಹೆಂಡತಿಗೆ ನಾನು ಬೇಡವಾದೆನೇ ಎಂದು, ಸಾಯುವ ಹೊತ್ತಿನಲ್ಲಿಯೂ, ನನಗೆ ಬೇಸರವಾಯಿತು. ಅವಳು ಸೀರೆ ಬಿಗಿದು, ಅಲೆ ಒಡೆಯುವ ಕಡೆಯಿಂದ ನೀರಿಗೆ ಬಿದ್ದು, ಬದಿಯಿಂದ ಬಂದು ನನ್ನ ಜುಟ್ಟು ಹಿಡಿದಳು. ಆಗ ನನಗೆ ಒಳ್ಳೆಯ ಜುಟ್ಟು ಇತ್ತು. ದಡದ ಕಡೆಗಲ್ಲ, ಅಡ್ಡಕ್ಕೆ ಎಳೆದಳು. ನಾನು ಯಾವ ಅಲೆಗಳಿಗೆ ಹೆದರಿ ಅತ್ತ ಇಳಿಯದೆ ಇದ್ದೆನೋ ಅವೇ ಅಲೆಗಳು ನಮ್ಮಿಬ್ಬರನ್ನು ಎತ್ತಿ ತಂದು ಮರಳಿಗೆ ಹಾಕಿದವು. ನಾನು ಉಪ್ಪುನೀರು ಕಾರುತ್ತಿದ್ದಾಗ ಆಕೆ ನನ್ನ ಬೆನ್ನು ಗುದ್ದುತ್ತ ಹೇಳಿದ್ದು: “ಅಲೆ ಅಂದ್ರೆ ಎಂತ ಹೆದರಿಕೆ ನಿಮಗೆ? ಅದು ಮನೆಗೆ ಕರಕೊಂಡು ಬರುವುದು.”

ಇದಕ್ಕಿಂತ ಮುಖ್ಯವಾದದ್ದು ಮುಂದಿದೆ. ಒದ್ದೆ ಮುದ್ದೆಯಾಗಿ ಮಾವನ ಮನೆಯ ಅಂಗಳಕ್ಕೆ ಬಂದೆವು. ಮಾವ, ಭಾವಂದಿರು, ಹದಿನೈದು ಮಂದಿ ನೆಂಟರು ನೋಡುತ್ತಿದ್ದಾರೆ. ಮೀನುಗಾರರ ಮನೆಯ ಅಳಿಯ ಸೊಂಟಮಟ್ಟ ನೀರಿನಲ್ಲಿ ಮುಳುಗಿದನೆಂದು ತಿಳಿದರೆ ಮೊಮ್ಮಕ್ಕಳ ಕಾಲದವರೆಗೂ ನಗು ನಿಲ್ಲದು. “ಅವರು ಮಿಂದದ್ದು. ನನ್ನ ಮೇಲೂ ನೀರು ಹಾಕಿದ್ರು” ಎಂದಳು ವಾರಿಜಾಕ್ಷಿ, ಮುಖ ಕೆಂಪಗೆ ಮಾಡಿಕೊಂಡು. ಅಳಿಯ ಭಾರೀ ರಸಿಕನೆಂದು ಮಾವನಿಗೆ ಸಂತೋಷವಾಗಿ ನನ್ನ ಎಲೆಗೆ ಇನ್ನೆರಡು ಮೀನು ಬಿತ್ತು. ಪ್ರಾಣವನ್ನು ಉಳಿಸಿದ್ದು ಒಂದು ಕೆಲಸ, ಮಾನವನ್ನು ಉಳಿಸಿದ್ದು ಇನ್ನೊಂದು. ಎರಡನ್ನೂ ಅರ್ಧ ಗಂಟೆಯೊಳಗೆ ಮಾಡಿ ಮುಗಿಸಿ, ಮೂವತ್ತೆರಡು ವರ್ಷ ನನ್ನೊಡನೆ ಬಾಳಿ, ಒಮ್ಮೆಯೂ ಎತ್ತಿ ಆಡದೆ ಹೋದಳು. ಈಗ ನಾನೇ ಇಡೀ ಜಿಲ್ಲೆಗೆ ಅಚ್ಚುಹಾಕಿಸಿ ಹೇಳುತ್ತಿದ್ದೇನೆ. ಇದರ ಮೇಲೆ ನನ್ನಲ್ಲಿ ಕೊಡಲಿಕ್ಕೆ ಬೇರೆ ಸಾಕ್ಷ್ಯವಿಲ್ಲ.

ಕಂಬಗಳನ್ನು ಕೀಳಲು ತಮಗಿರುವ ಅಡ್ಡಿ ಏನೆಂದು ನಾನು ಬಲ್ಲೆ. ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಅಷ್ಟು ತಿಳಿಯದೇ? ನಕ್ಷೆ ಮದರಾಸಿಗೆ ಹೋಗಿಬಿಟ್ಟಿದೆ. ಆಮಂತ್ರಣ ಹಂಚಿ ಆಗಿದೆ. ಹಲಗೆಯ ಕೆಳಸಾಲಿನಲ್ಲಿ ‘ಸ್ಥಳ ನಿರ್ಣಯ: ವಿಶೇಷಾಧಿಕಾರಿಗಳು’ ಎಂದು ಬರೆದಾಗಿದೆ. ಸಿಮೆಂಟು ಒಣಗಿದೆ. ಒಬ್ಬ ಮೀನು ಮಾರುವ ಹೆಂಗಸಿನ ಬುಟ್ಟಿ ತೇಲಿಹೋಯಿತೆಂದು ಸರಕಾರದ ಕಂಬವನ್ನು ಅಲುಗಿಸಿದರೆ ಪ್ರೆಸ್ಟೀಜ್ ಏನಾಗಬೇಕು? ನಾಳೆ ಅವಳು ಬಂದು ಕಲೆಕ್ಟರ ಕಚೇರಿಯನ್ನೂ ನೂರು ಹೆಜ್ಜೆ ದಕ್ಷಿಣಕ್ಕೆ ಸರಿಸಿರೆಂದರೆ?

ಆದುದರಿಂದ ತಮಗೊಂದು ದಾರಿ ತೋರಿಸುತ್ತೇನೆ. ‘ಸ್ಥಳ ನಿರ್ಣಯದ ಅನಂತರ ಸಮುದ್ರವು ತನ್ನ ಜಾಗವನ್ನು ಬದಲಾಯಿಸಿರುವುದು ಕಂಡುಬಂದುದರಿಂದ’ ಎಂದು ಒಂದು ವಾಕ್ಯ ಬರೆಯಿರಿ. ತಪ್ಪೆಲ್ಲ ಸಮುದ್ರದ್ದು. ಅದು ಪತ್ರಿಕೆ ಓದುವುದಿಲ್ಲ, ಮೇಲರ್ಜಿ ಹಾಕುವುದಿಲ್ಲ. ಪೂರ್ತಿ ಸುಳ್ಳೂ ಅಲ್ಲ: ನೀರು ಹಿಂದಿರುಗುವ ಆ ದಾರಿ ಇಂದು ಇಲ್ಲಿ, ಹದಿನೈದು ದಿನಕ್ಕೆ ಇನ್ನೊಂದು ಕಡೆ. ದಡದ ಜನ ದಿನಾ ಬೆಳಿಗ್ಗೆ ದಿಣ್ಣೆಯ ಮೇಲೆ ನಿಂತು, ನೊರೆಯಿಲ್ಲದ ಪಟ್ಟಿ ಎಲ್ಲಿದೆಯೆಂದು ನೋಡಿಯೇ ಬಲೆಯಿಳಿಸುವ ಜಾಗ ಗೊತ್ತುಮಾಡುತ್ತಾರೆ. ಹಾಗಿರುವಾಗ ಅಲ್ಲಿಗೆ ಸಿಮೆಂಟಿನ ಕಂಬ ಯಾತಕ್ಕೆ? ನಾಲ್ಕು ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ, ಬೆಂಗ್ರೆಯ ಇಬ್ಬರು ಹಿರಿಯರನ್ನು ನೇಮಿಸಿ, ಅವರು ತೋರಿಸಿದಲ್ಲಿ ದಿನದಿನವೂ ಊರಿಸಿರಿ. ಹೊಸ ಜಾಗದ ಹಲಗೆಯ ಮೇಲೂ ‘ಸ್ಥಳ ನಿರ್ಣಯ: ವಿಶೇಷಾಧಿಕಾರಿಗಳು’ ಎಂದೇ ಇರಲಿ. ದೇಯಿಗೆ ಓದಲು ಬರುವುದಿಲ್ಲ. ಬಂದರೂ ಅವಳು ಆಕ್ಷೇಪಿಸುವುದಿಲ್ಲವೆಂದು ಲಿಖಿತವಾಗಿ ಕೊಡುತ್ತೇನೆ. ವಂದನಾರ್ಪಣೆಗೆ ಯಾರೂ ಸಿಗದಿದ್ದರೆ ನಾನೇ ಎದ್ದುನಿಂತು, ತಾವು ಸಮುದ್ರದ ಚಂಚಲತೆಯನ್ನು ಸಕಾಲದಲ್ಲಿ ಕಂಡುಹಿಡಿದಿರೆಂದು ಇಂಗ್ಲಿಷಿನಲ್ಲಿಯೇ ಹೊಗಳುತ್ತೇನೆ. ಈ ಸಲ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತೇನೆ.

ಈ ಪತ್ರಿಕೆ ಬುಧವಾರ ತಮ್ಮ ಮೇಜಿಗೆ ಬರುತ್ತದೆ. ಗುರುವಾರ ಬೆಳಿಗ್ಗೆ ದೋಣಿ ಹತ್ತಿದರೆ ಏಳೂವರೆಗೆ ತಾವು ದಡದಲ್ಲಿರಬಹುದು. ದೇಯಿ ಪೇಟೆಗೆ ಹೊರಡುವುದು ಎಂಟಕ್ಕೆ. ಅರ್ಧ ಗಂಟೆ ಅವಳ ಪಕ್ಕದಲ್ಲಿ ನಿಂತು ನೋಡಿರಿ. ಬುಟ್ಟಿಯ ಮೇಲೆ ವಿಶ್ವಾಸವಿಲ್ಲದಿದ್ದರೆ ತಮಗೆ ವಿಶ್ವಾಸವಿರುವ ಯಾವುದನ್ನಾದರೂ ಎಸೆದು ನೋಡಿರಿ. ಶುಕ್ರವಾರ ಹ್ಯೂಬರ್ಟ್ ಕಂಬ ಕೀಳುತ್ತಾನೆ. ಸಿಮೆಂಟು ಹಾಕಿದ್ದು ತೆಗೆಯಲು ಅರ್ಧ ದಿನ ಸಾಕೆಂದು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಶನಿವಾರ ನಾಲ್ಕು ಗಂಟೆಗೆ ಮಕ್ಕಳು ಅಲೆಯಿರುವ ಕಡೆ ಇಳಿಯಲಿ. ಬೀಳಲಿ, ಉರುಳಲಿ, ಮೂಗಿಗೆ ನೀರು ಹೋಗಲಿ, ಕೂಗಾಡಲಿ, ಎಂಟನೆಯ ನಿಯಮವನ್ನು ನಲವತ್ತು ಮಂದಿಯೂ ಸೇರಿ ಮುರಿಯಲಿ.

ಮೊನ್ನೆ ಕುಶಲಾಳನ್ನು ಕೂರಿಸಿ, ಶನಿವಾರ ನಿನಗೆ ಜ್ವರ ಬರಲಿಕ್ಕುಂಟು ಎಂದೆ. “ನಂಗೆ ಜ್ವರ ಬಂದ್ರೆ ನನ್ನ ಕೈ ಹಿಡಿಯುವವಳು ಯಾರ ಕೈ ಹಿಡಿಯುವುದು ಅಜ್ಜ?” ಎಂದು ಕೇಳಿದಳು. ಅವಳನ್ನು ಹೇಗಾದರೂ ಮನೆಯಲ್ಲಿ ಉಳಿಸಿಕೊಂಡೇನು. ಉಳಿದ ಮೂವತ್ತೊಂಬತ್ತು ಮಕ್ಕಳ ಮನೆಗೆ ಈ ಪತ್ರಿಕೆ ಬರುತ್ತದೆಯೋ ಇಲ್ಲವೋ ನನಗೆ ತಿಳಿಯದು. ತಮ್ಮ ಕಚೇರಿಗೆ ಬರುತ್ತದೆಂಬುದು ತಿಳಿದಿದೆ.

ಇಂತಿ, ಶನಿವಾರ ಮಧ್ಯಾಹ್ನದ ತನಕ ಮಾತ್ರ ತಮ್ಮ ವಿಧೇಯನಾಗಿರುವ,

ಪೂವಪ್ಪ,
ನಿವೃತ್ತ ಗುಮಾಸ್ತ, ಎಫ್.ಎ. ಪರೀಕ್ಷೆಗೆ ಎರಡು ಬಾರಿ ಕುಳಿತವನು